ಬಸಿದ ನೀರು

ಸೋಮವಾರ ಮಂಡ್ಯದ ಆಸ್ಪತ್ರೆಯಲ್ಲಿ ನಮ್ಮ ಯಜಮಾನರ ರಕ್ತದ ರಿಪೋರ್ಟ್ ನೋಡಿದ ಸಿಸ್ಟರ್, ಅದನ್ನು ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಓಡಿದರು.

ಎರಡು ವರ್ಷದಿಂದ ಡಯಾಲಿಸಿಸ್. ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಎಲ್ಲ ನನಗೆ ಬಾಯಿಪಾಠ. ಈ ಸಲ ಏರಿದ್ದು ಪೊಟ್ಯಾಸಿಯಂ. ಐದರ ಆಸುಪಾಸಿನಲ್ಲಿ ಇರುತ್ತಿದ್ದದ್ದು ಏಳು ಮುಟ್ಟಿತ್ತು.

"ಇನ್ನೂ ಏರಿದರೆ ಹಾರ್ಟ್ ನಿಂತುಹೋಗಬಹುದು" ಅಂದರು ಡಾಕ್ಟರ್. ಇಸಿಜಿ ತೆಗೆದವರೇ ತಕ್ಷಣ ಮೆಷಿನ್‌ಗೆ ಹಾಕಿದರು.

ನನಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ನಮ್ಮವರು ಕೆಲಸ ಮಾಡುವುದು ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಮುಟ್ಟಲೇಬಾರದು ಅಂತ ಮೊದಲ ದಿನವೇ ಹೇಳಿದ್ದರು.

"ಕದ್ದು ಕುಡುದ್ರಿ ತಾನೆ? ನಿಜ ಏಳಿ!" ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ.

"ನಿನ್ನಾಣೆ ಇಲ್ಲ ಕಣಮ್ಮಿ..."

ಒಂದು ಕೈಯಲ್ಲಿ ಸೂಜಿ. ಇನ್ನೊಂದು ಕೈಯಲ್ಲಿ ನನ್ನ ಸೆರಗು ಹಿಡಿದರು. ನಾನು ಕೊಸರಿಕೊಂಡು ಆಚೆ ಬಂದೆ.

ಸ್ವಲ್ಪ ಹೊತ್ತಿಗೆ ಊಟದ ಪಥ್ಯ ಹೇಳುವ ಹುಡುಗಿ ಬಂದು, ಎರಡು ದಿನದಿಂದ ಏನೇನು ಅಡುಗೆ ಅಂತ ಕೇಳಿದಳು.

"ಇಷ್ಟ್ ದಿನ ಸೊಪ್ಪೇ ಮಾಡ್ತಿರ್ನಿಲ್ಲ. ಮೊನ್ನೆ ನೀವ್ ಏಳ್ದಂಗೇ ಸೊಪ್ ಬೇಯ್ಸಿ, ನೀರ್ ಬಸ್ದು ಪಲ್ಯ ಮಾಡಿವ್ನಿ" ಅಂದೆ. ಹೆಮ್ಮೆಯಿಂದಲೇ ಅಂದೆ.

"ಬಸ್ದಿದ್ ನೀರು?"

"ಇನ್ನೇನ್ ಮಾಡಾರು? ಅದ್ರಲ್ಲೇ ಬಸ್ಸಾರು."

ಅವಳು ಪೆನ್ನು ಕೆಳಗಿಟ್ಟಳು. "ಅಯ್ಯೋ ಅಕ್ಕ, ಸೊಪ್ಪಲ್ಲಿರೋ ಪೊಟ್ಯಾಸಿಯಂ ಎಲ್ಲಾ ಆ ನೀರ್ಗೇ ಇಳ್ದಿರ್ತದೆ ಕಣಕ್ಕ! ಅದುನ್ನ ಚೆಲ್ಲಿ ಅಂತ್ಲೇ ಬಸಿಯಾಕ್ ಏಳಿದ್ದು."



ನಮ್ಮ ಕಡೆ ಬಸಿದ ನೀರು ಚೆಲ್ಲುವ ಹೆಂಗಸು ಯಾರಿದ್ದಾರೆ ಹೇಳಿ? ಶನಿವಾರ ಬಸ್ಸಾರು. ಮಾರನೇ ದಿನಕ್ಕೆ ಅದು ಇನ್ನೂ ರುಚಿ ಅಂತ ಭಾನುವಾರವೂ ಅದೇ. ಅವರು ಸಾಕು ಸಾಕು ಅಂದರೂ ಮುದ್ದೆಗೆ ಇನ್ನೊಂದು ಸೌಟು ಬಡಿಸಿದ್ದು ಇದೇ ಕೈ.

ನಾಲ್ಕು ಗಂಟೆ ಗಾಜಿನ ಬಾಗಿಲ ಆಚೆ ನಿಂತಿದ್ದೆ. ಮೆಷಿನ್ ಕುಂಯ್ ಅಂದಾಗಲೆಲ್ಲ ಗಾಜಿಗೆ ಮುಖ ಒತ್ತಿ ನೋಡುತ್ತಿದ್ದೆ. ಮತ್ತೆ ಟೆಸ್ಟ್ ಮಾಡಿದಾಗ ಪೊಟ್ಯಾಸಿಯಂ ಇಳಿದಿತ್ತು.

ಒಳಗೆ ಹೋದೆ. ಕಣ್ಣು ಬಿಟ್ಟವರು ಮೊದಲು ಕೇಳಿದ್ದು, "ಕ್ವಾಪ ಓಯ್ತಾ?"

ತಪ್ಪು ನನ್ನದೇ ಅಂತ ಅಲ್ಲಿ ಹೇಳಲು ಆಗಲಿಲ್ಲ. ಬಸ್ಸಿನಲ್ಲಿಯೂ ಆಗಲಿಲ್ಲ.

ಇವತ್ತು ಸೊಪ್ಪು ಬಸಿದು ನೀರನ್ನು ಬಚ್ಚಲಿಗೆ ಚೆಲ್ಲಿದೆ. ನಡುಮನೆಯಿಂದ ಅವರು ಕೇಳುತ್ತಿದ್ದಾರೆ, "ಬಸ್ಸಾರ್ ಯಾಕ್ ಮಾಡ್ನಿಲ್ಲ ಕಣಮ್ಮಿ?"

ವಾರ್ಡಿನ ಮುಂದೆ ಅವರನ್ನು ಕಳ್ಳ ಮಾಡಿದ ನಾನು, ಈಗ ಯಾವ ಬಾಯಲ್ಲಿ ಹೇಳಲಿ?