ಮಂಟಯ್ಯ ಕೆಮ್ಮಲು ಬಿಟ್ಟ ಕಾರು

"ಯಾರ ಕಾರಿಗೋ ನೆಗಡಿ ಹಿಡ್ದದೆ ಕಣ್ರೋ, ಮಂಟಯ್ಯ ಆವಿ ಕೊಡ್ತಾವ್ನೆ" ಅನ್ನುತ್ತಿದ್ದರು ಅಕ್ಕಪಕ್ಕದವರು.

ಅನ್ನದೆ ಇನ್ನೇನು ಮಾಡಿಯಾರು? ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿ, ಶಿವನಂಜಪ್ಪನವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಅಂಟಿಕೊಂಡಂತಿದ್ದ, ಅವರೇ ಬಾಡಿಗೆಗೆ ಕೊಟ್ಟ ಮನೆ ಅವನದು. ಅಂಗಳದಲ್ಲಿ ಒಂದು ಕಾರು. ಬಾನೆಟ್ಟು ಎತ್ತಿದೆ, ಅದರ ಮೇಲೆ ಕರಿ ಕಂಬಳಿ ಹೊದೆಸಿದೆ, ಕಂಬಳಿಯ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿವೆ. ನೆಗಡಿಯಾದವರು ಬಿಸಿನೀರಿನ ಪಾತ್ರೆಯ ಮೇಲೆ ಮುಸುಕು ಹಾಕಿಕೊಂಡು ಕೂರುತ್ತಾರಲ್ಲ, ಥೇಟ್ ಹಾಗೆ.

ಬ್ಯಾರನ್ ಮುಂದೆ ಕುಳಿತು ಕಡ್ಡಿಗೆ ಸೊಪ್ಪು ಕಟ್ಟುವ ಚಿಕ್ಕಬೀರಮ್ಮ ಅಲ್ಲಿಂದಲೇ ಕೂಗುವಳು: "ನೀಲಗಿರಿ ಎಣ್ಣೆ ಒಂದ್ ತೊಟ್ಟು ಹಾಕ್ದೇನಣ್ಣೋ?"

"ಬಾ ಇಲ್ಲಿ, ನಿನ್ ಮೂಗಿಗೇ ಹಾಕ್ತೀನಿ!" ಅನ್ನುವುದು ಕಂಬಳಿ.

ಕಂಬಳಿಗೂ ಕಾರಣವಿತ್ತು. ಹಳೇ ಕಾರುಗಳಲ್ಲಿ ಪ್ಲಗ್ಗಿಗೆ ಹೋಗುವ ವೈರು ಎಲ್ಲಾದರೂ ಬಿರುಕು ಬಿಟ್ಟಿದ್ದರೆ, ನೀರು ತಾಗಿದಾಗ ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲೇ ಸೋರಿಹೋಗುತ್ತದೆ. ಬೆಳಕಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಕತ್ತಲಾದರೆ ನೀಲಿ ದಾರದ ಹಾಗೆ ಮಿಣುಕುತ್ತದೆ. ಕತ್ತಲಾಗುವವರೆಗೆ ಕಾಯುವ ತಾಳ್ಮೆ ಮಂಟಯ್ಯನಿಗಿರಲಿಲ್ಲ. ಕಂಬಳಿ ಹೊದ್ದು ಹಾಡಹಗಲೇ ಕತ್ತಲು ಮಾಡಿಕೊಳ್ಳುತ್ತಿದ್ದ.

ಇಷ್ಟೆಲ್ಲ ಅವನಿಗೆ ಯಾವ ಗ್ಯಾರೇಜೂ ಕಲಿಸಿದ್ದಲ್ಲ. ಕೋಟೆ ತಾಲ್ಲೂಕಿನ ಹಳ್ಳಿಯಿಂದ ಹೊಗೆಸೊಪ್ಪಿನ ಕೂಲಿಗೆ ಬಂದವನು, ಬೆನ್ನಿಗೆ ಪಂಪು ಹೊತ್ತು ಗಿಡಗಳಿಗೆ ಔಷಧಿ ಹೊಡೆಯುತ್ತಿದ್ದ. ಒಂದು ದಿನ ಪಂಪು ತೊಳೆಯುವಾಗ, ಬಾನೆಟ್ಟು ತೆರೆದು ಚಾಲೂ ಬಿಟ್ಟಿದ್ದ ಜೀಪೊಂದರ ಎಂಜಿನ್ನಿಗೆ ನೀರು ಸಿಡಿಯಿತು. ಸೊಗಸಾಗಿ ಓಡುತ್ತಿದ್ದ ಎಂಜಿನ್ನು ಬಕ್ ಬಕ್ ಅಂತ ಕೆಮ್ಮಲು ಶುರುವಿಟ್ಟಿತು. ಜೀಪಿನವನು ಬೈಯುತ್ತಿದ್ದರೆ ಮಂಟಯ್ಯ ಹೆಗಲ ಟವೆಲ್ಲಿನಿಂದ ಒಂದೊಂದೇ ಜಾಗ ಒರೆಸುತ್ತಾ ಹೋದ. ಒಂದು ವೈರನ್ನು ಮುಟ್ಟಿದಾಗ ಕರೆಂಟು ಅವನ ಕೈಯನ್ನು ಝಾಡಿಸಿ ಒಗೆಯಿತು. ಅದನ್ನು ಒರೆಸಿದ್ದೇ ತಡ, ಕೆಮ್ಮು ನಿಂತಿತು. ಬೈಗುಳವೂ ನಿಂತಿತು.

"ಎರಡು ಮಳೆಗಾಲದಿಂದ ಇದ್ನೇ ಹುಡುಕ್ತಿದ್ನಲ್ಲೋ ಮಾರಾಯ!" ಅಂದ ಜೀಪಿನವನು.

ಅವತ್ತಿನಿಂದ ಮಂಟಯ್ಯನ ಪಂಪಿನಲ್ಲಿ ಔಷಧಿ ಹೋಗಿ ಬರೀ ನೀರು ಬಂತು. ಮಳೆಯಲ್ಲಿ ಹೀಗೆ ಕೆಮ್ಮುತ್ತಾ ಮಿಸ್ಸಿಂಗ್ ಹೊಡೆಯುವ ಗಾಡಿ ಬಿಸಿಲಿನಲ್ಲಿ ಏನೂ ಅರಿಯದ ಕೂಸಿನ ಹಾಗೆ ನಿಂತಿರುತ್ತದೆ. ಹಾಗಾಗಿ ಅವನೇ ಮಳೆ ತರಿಸುತ್ತಿದ್ದ, ಒಂದು ಸಲಕ್ಕೆ ಅಂಗೈಯಗಲ ಜಾಗಕ್ಕೆ ಮಾತ್ರ. ಎಲ್ಲಿ ನೆನೆಸಿದಾಗ ಕೆಮ್ಮುತ್ತದೋ ಅಲ್ಲಿ ರೋಗ. ಒಳಗೆ ಡ್ರೈವರ್ ಸೀಟಿನಲ್ಲಿ ಹೆಂಡತಿ ಪುಟ್ಟಸಿದ್ದಮ್ಮ. ಕಾರು ಓಡಿಸಲು ಬಾರದಿದ್ದರೂ ತಾಲ್ಲೂಕಿನ ಅರ್ಧ ಕಾರುಗಳ ಆಕ್ಸಿಲರೇಟರ್ ಒತ್ತಿದ ಕಾಲು ಅವಳದು.

ಬಂದವರನ್ನು ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಯಾವ ಮಳೆಗೆ?" ಸೋನೆಗೋ, ಹಳ್ಳದ ನೀರು ಸಿಡಿದಾಗಲೋ, ನಿಂತಲ್ಲೇ ನೆಂದಾಗಲೋ? ಉತ್ತರ ಕೇಳಿದರೆ ಅವನಿಗೆ ಅರ್ಧ ಕೆಲಸ ಮುಗಿದಂತೆ.

ಹದಿನಾಲ್ಕು ವರ್ಷ ಹೀಗೇ ನಡೆಯಿತು. ಈ ವರ್ಷದ ಯುಗಾದಿ ಕಳೆದ ಮೇಲೆ ಶಿವನಂಜಪ್ಪನವರು ಅಂಗಳಕ್ಕೆ ಬಂದು ನಿಂತರು.

"ಮಂಟಯ್ಯ, ಸಫಾರಿಗೆ ಬರೋರು ಜಾಸ್ತಿ ಆಗವ್ರೆ. ಈ ಜಾಗದಲ್ಲಿ ಒಂದು ಹೋಟ್ಲು ಮಾಡಣಾ ಅಂತಿದೀನಿ. ಮಳೆ ಹಿಡಿಯೋದ್ರೊಳಗೆ ಬೇರೆ ಮನೆ ನೋಡ್ಕೊಳಯ್ಯ."

ಮನೆ ಎಲ್ಲಾದರೂ ಸಿಕ್ಕೀತು. ಕಾರು ನಿಲ್ಲಿಸುವಷ್ಟು ಅಂಗಳ, ದಾರಿಹೋಕರೆಲ್ಲ ಗುರುತಿಟ್ಟುಕೊಂಡ ಜಾಗ, ಅದು ಎಲ್ಲಿ ಸಿಗುತ್ತದೆ? ಅಲ್ಲಿ ನೋಡಿದ, ಇಲ್ಲಿ ನೋಡಿದ. ಅಷ್ಟರಲ್ಲಿ ಪುಷ್ಯ ಮಳೆ ಹಿಡಿಯಿತು, ಶಿವನಂಜಪ್ಪನವರ ಬಿಳಿ ಕಾರು ಕೆಮ್ಮಲು ಶುರು ಮಾಡಿತು.

ದಿನಾ ಬೆಳಿಗ್ಗೆ ಅದರದು ಒಂದೇ ರಾಗ. ಮಂಟಯ್ಯ ಹೋಗಿ ಪ್ಲಗ್ಗುಗಳ ತಲೆಯ ಮೇಲೆ ಕೂತು ಕಿಡಿ ಕೊಡುವ ಕಾಯಿಲ್ಲುಗಳನ್ನು ತೆಗೆದು, ಒರೆಸಿ, ಗಾಳಿ ಹೊಡೆದು ಕೂರಿಸಿದರೆ ಓಡುವುದು. ರಾತ್ರಿ ಮಳೆ ಬಂದರೆ ಮತ್ತೆ ಅದೇ.

"ಮೊದ್ಲು ಇದನ್ನ ಒಂದು ದಡ ಮುಟ್ಟಿಸು. ನೀನಿಲ್ದಿದ್ರೆ ಬೆಳಿಗ್ಗೆ ಇದನ್ನ ಯಾರು ಎಬ್ಬಿಸ್ತಾರೆ? ಮನೆ ಮಾತು ಆಮೇಲೆ" ಅಂದರು ಶಿವನಂಜಪ್ಪ.

ಮಂಟಯ್ಯ ಪಂಪು ಹೊತ್ತ. ಪುಟ್ಟಸಿದ್ದಮ್ಮ ಸೀಟು ಹತ್ತಿದಳು. ಕೆಳಗಿನಿಂದ ನೀರು ಹೊಡೆದ, ಪಕ್ಕದಿಂದ ಹೊಡೆದ, ಎಂಜಿನ್ನಿನ ಮೇಲೂ ಹನಿಸಿದ. ಕಾರು ಕಮಕ್ ಕಿಮಕ್ ಅನ್ನಲಿಲ್ಲ. ಕೊನೆಗೆ ಬಾನೆಟ್ಟು ಮುಚ್ಚಿ ಮುಂದಿನ ಗಾಜಿನ ಮೇಲೆ ಒಂದು ಕೊಡ ನೀರು ಸುರಿದ. ಐದು ನಿಮಿಷ ಕಳೆಯಿತು. ಬಕ್!

ಗಾಜಿನ ಬುಡದಲ್ಲಿ, ವೈಪರ್ ಕೂರುವ ಕಡೆ ಒಂದು ಜಾಲರಿ ಇರುತ್ತದೆ. ಅದರ ಕೆಳಗಿನ ಕಾಲುವೆಯಿಂದ ಮಳೆ ನೀರು ಆಚೆಗೆ ಹರಿದುಹೋಗಬೇಕು. ಮಂಟಯ್ಯ ಬೆರಳು ತೂರಿಸಿ ನೋಡಿದ. ಕಾಲುವೆ ಪೂರ್ತಿ ಕಟ್ಟಿಕೊಂಡಿತ್ತು. ಶಿವನಂಜಪ್ಪನವರು ಕಾರನ್ನು ದಿನಾ ಬ್ಯಾರನ್ ಪಕ್ಕದಲ್ಲೇ ನಿಲ್ಲಿಸುವುದು. ಒಣಗಿದ ಸೊಪ್ಪಿನ ಚೂರೆಲ್ಲ ಹಾರಿ ಬಂದು ಅಲ್ಲಿ ತುಂಬಿ, ನೆಂದು, ಮುದ್ದೆಯಾಗಿತ್ತು. ಹೋಗಲು ದಾರಿ ಕಾಣದ ನೀರು ಒಳಗೆ ಉಕ್ಕಿ ಮೂರನೇ ಪ್ಲಗ್ಗು ಕೂರುವ ಗುಳಿಗೆ ತೊಟ್ಟಿಕ್ಕುತ್ತಿತ್ತು. ಗುಳಿಯ ಬಾಯಿ ಸುತ್ತ ಕಂದು ಕಲೆ.

"ಸಿದ್ದಿ, ಬಾ ಇಲ್ಲಿ ನೋಡು" ಅಂತ ನಕ್ಕ ಮಂಟಯ್ಯ. "ಮೂರನೇದು ಹೊಗೆಸೊಪ್ಪು ಅಗೀತಾ ಕೂತದೆ!"

ಕಡ್ಡಿ ಹಾಕಿ ಎಳೆಯಲು ಹೋದವನ ಕೈಯನ್ನು ಪುಟ್ಟಸಿದ್ದಮ್ಮ ಹಿಡಿದುಕೊಂಡಳು.

"ತಗೀಬ್ಯಾಡ."

"ಯಾಕೆ?"

"ಇದು ಸರಿಹೋದ್ರೆ ಮನೆ ಮಾತು ಅಂದವ್ರೆ. ಕೆಮ್ಮಲಿ ಬುಡು. ಅದು ಕೆಮ್ಮೋವರ್ಗೂ ನಮ್ಗೆ ಸೂರು."

ಮಂಟಯ್ಯ ಕಡ್ಡಿ ಬಿಸಾಡಿದ. ಮೂರನೇ ಗುಳಿ ಒರೆಸಿ, ಗಾಳಿ ಹೊಡೆದು, ಬಾನೆಟ್ಟು ಮುಚ್ಚಿದ. "ಏನಾಗದೆ?" ಅಂತ ಶಿವನಂಜಪ್ಪ ಕೇಳಿದ್ದಕ್ಕೆ "ತಂಡಿ ಕಣ್ರೀ ಯಜಮಾನ್ರೇ, ಹಳೇ ತಂಡಿ" ಅಂದ.

ಆಶ್ಲೇಷ ಮಳೆ ಸುರಿಯಿತು. ಮಖೆ ಮಳೆ ಸುರಿಯಿತು. ಸೂರು ಉಳಿಯಿತು, ನಿದ್ದೆ ಉಳಿಯಲಿಲ್ಲ. ಬೆಳಿಗ್ಗೆ ಆ ಕಡೆಯಿಂದ ಬಕ್ ಅಂದರೆ ಈ ಕಡೆ ಚಾಪೆಯ ಮೇಲೆ ಮಂಟಯ್ಯ ಮಗ್ಗುಲಾಗುವನು. ತಟ್ಟೆಗೆ ಕೈ ಇಟ್ಟರೆ ಬಕ್ ಬಕ್, ಮುದ್ದೆ ಅರ್ಧಕ್ಕೇ ಬಿಟ್ಟು ಏಳುವನು. ಅದರ ಮೇಲೆ ಶಿವನಂಜಪ್ಪನವರು ಹುಣಸೂರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, "ನಮ್ಮ ಮಂಟಯ್ಯನ ಕೈಲಿ ಇನ್ನಾಗಾಕಿಲ್ಲ, ವಯಸ್ಸಾಯ್ತು" ಅಂದುಬಿಟ್ಟರು. ಮಾತು ಗಾಡಿಗಿಂತ ಬೇಗ ಓಡಿತು. ಪಿರಿಯಾಪಟ್ಟಣದಿಂದ ಬರುತ್ತಿದ್ದ ವ್ಯಾನಿನವನು ಕೆ.ಆರ್. ನಗರದ ಕಡೆ ತಿರುಗಿದ.

"ಡಾಕ್ಟ್ರು ಮಂಕಾಗವ್ರೆ. ಸಿದ್ದಕ್ಕ, ಇವ್ರಿಗೇ ಒಂದ್ಸಲ ಆವಿ ಕೊಡು" ಅಂದಳು ಚಿಕ್ಕಬೀರಮ್ಮ. ಎಂದೂ ತಿರುಗಿ ಅನ್ನದೆ ಬಿಡದ ಮಂಟಯ್ಯ ಅವತ್ತು ಕಂಬಳಿ ಮಡಚಿ ಒಳಗೆ ಹೋದ.

ಹುಬ್ಬೆ ಮಳೆಯ ಒಂದು ಬೆಳಿಗ್ಗೆ ಶಿವನಂಜಪ್ಪನವರು ಕೊಡೆ ಹಿಡಿದು ಬಂದರು.

"ಸಾಕಾಯ್ತು ಮಂಟಯ್ಯ. ಒಸಿ ಎಬ್ಬಿಸ್ಕೊಡು, ಮೈಸೂರಿಗೆ ತಕ್ಕಂಡೋಗಿ ಎಂಜಿನ್ನೇ ಬಿಚ್ಚಿಸ್ಬುಡ್ತೀನಿ."

ಎಂಜಿನ್ ಬಿಚ್ಚುವುದು! ಒಂದು ಹಿಡಿ ಸೊಪ್ಪಿನ ಚೂರಿಗೆ! ಮಂಟಯ್ಯ ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಲ್ಲಿ ನಿಂತು ಬೇಡವೆಂದು ತಲೆಯಾಡಿಸಿದಳು. ಮಂಟಯ್ಯ ಮಳೆಗೆ ಇಳಿದ, ಜಾಲರಿ ಬಿಚ್ಚಿದ, ಮೊಣಕೈವರೆಗೆ ಕೈ ತೂರಿಸಿ ಕಪ್ಪು ಮುದ್ದೆಯನ್ನು ಎಳೆದು ಕಾರಿನ ಮೇಲಿಟ್ಟ. ಕಟ್ಟಿಕೊಂಡಿದ್ದ ನೀರು ಗುಳುಗುಳು ಅಂತ ಚಕ್ರದ ಪಕ್ಕ ಇಳಿದುಹೋಯಿತು. ಗುಳಿ ಒರೆಸಿ ಕಾಯಿಲ್ ಕೂರಿಸಿದ. ಗಾಜಿನ ಮೇಲೆ ಮೂರು ಕೊಡ ನೀರು ಸುರಿದು ಕಾದ. ಆಕಾಶವೂ ಸುರಿಯುತ್ತಲೇ ಇತ್ತು. ಕಾರು ಉಸಿರು ತಪ್ಪಲಿಲ್ಲ.

"ಇಷ್ಟೇಯಾ?" ಅಂದರು ಶಿವನಂಜಪ್ಪ. ಆಮೇಲೆ ಕಣ್ಣು ಕಿರಿದು ಮಾಡಿ, "ಇದು ನಿಂಗೆ ಯಾವಾಗ ಗೊತ್ತಾಯ್ತು?"

"ಪುಷ್ಯದಲ್ಲೇ ಗೊತ್ತಾಯ್ತು ಯಜಮಾನ್ರೇ."

"ಪುಷ್ಯದಲ್ಲಾ! ಮೂರು ಮಳೆ ನನ್ನ ಕೆಮ್ಮಿಸ್ಕೊಂಡು ತಿರುಗ್ಸಿದ್ಯಲ್ಲೋ ಪಾಪಿ! ಯಾಕಯ್ಯ?"

"ಮನೆ ಬಿಡಾಕೆ ಮನಸಾಗ್ನಿಲ್ಲ."

ಶಿವನಂಜಪ್ಪ ಕೊಡೆಯಡಿ ಬೈಯಲು ಬಾಯಿ ತೆರೆದರು, ನಗು ಬಂತು. ನಗಲು ಹೋದರು, ಸಿಟ್ಟು ಬಂತು. ಕೊನೆಗೆ, "ಹೋಟ್ಲು ಕೆಲ್ಸಕ್ಕೆ ಗಾರೆಯವ್ರಿಗೆ ಮಾತು ಕೊಟ್ಟಾಗದೆ ಕಣಯ್ಯ. ಮಾರ್ನಮಿ ಹಬ್ಬ ಮುಗಿಸ್ಕೊಂಡು ಖಾಲಿ ಮಾಡು" ಅಂದು ಕಾರು ಹತ್ತಿದರು. ಆದರೆ ಅದೇ ಕಾಫಿ ಹೋಟೆಲಿನಲ್ಲಿ ಅದೇ ಸಂಜೆ, "ಕಿವಿ ಅಂದ್ರೆ ಅವನ್ದು, ಕಳ್ಳ ಅಂದ್ರೂ ಅವನೇ" ಅಂತ ಎಲ್ಲರಿಗೂ ಕೇಳುವಂತೆ ಹೇಳಿದರಂತೆ. ವ್ಯಾನಿನವನು ಮೂರನೇ ದಿನಕ್ಕೆ ವಾಪಸ್ ಬಂದ.

ಪುಟ್ಟಸಿದ್ದಮ್ಮ ಎರಡು ದಿನ ಮಾತಾಡಲಿಲ್ಲ. ಗಂಡ ಎರಡು ಮುದ್ದೆ ಉಂಡು ಮೂರನೆಯದಕ್ಕೆ ತಟ್ಟೆ ನೀಡಿದಾಗ, "ಮನೆ ಕಳ್ದೋನ್ಗೆ ಹಸಿವು ನೋಡು!" ಅಂತ ಬಾಯಿ ಬಿಟ್ಟಳು. ಸರಗೂರಿನಲ್ಲಿ ಅವಳ ತಮ್ಮ ಒಂದು ಮನೆ ನೋಡಿದ್ದ. ಅಂಗಳ ಚಿಕ್ಕದು, ಅರ್ಧ ಕಾರು ಒಳಗೆ, ಅರ್ಧ ಬೀದಿಗೆ.

"ಬಾನೆಟ್ಟು ಒಳಗಿದ್ರೆ ಸಾಕು" ಅಂದ ಮಂಟಯ್ಯ.

"ಹೂಂ, ಸೀಟು ಹತ್ತಿ ಇಳಿಯೋ ನಾನು ನೆನೀತೀನಿ."

ಮಾರ್ನಮಿ ಕಳೆದ ಮೂರನೇ ದಿನ ಲಗೇಜ್ ಆಟೋ ಬಂತು. ಸಾಮಾನೆಲ್ಲ ಹೇರಿ ಟಾರ್ಪಾಲು ಕಟ್ಟುವ ಹೊತ್ತಿಗೆ ರಾತ್ರಿಯ ಮಳೆ ಮತ್ತೆ ಬಂದೇ ಬಂತು. ಪುಟ್ಟಸಿದ್ದಮ್ಮ ಡ್ರೈವರ್ ಪಕ್ಕ ಹತ್ತಿ ಕೂತಳು. ಮಂಟಯ್ಯ ಖಾಲಿ ಮನೆಯನ್ನು ಒಂದು ಸುತ್ತು ನೋಡಿ ಹೊಸ್ತಿಲಿಗೆ ಬಂದ.

ಅದೇ ಹೊತ್ತಿಗೆ ಪಕ್ಕದಲ್ಲಿ ಶಿವನಂಜಪ್ಪನವರು ಬೀಗದ ಕೈಗೆ ಕೈ ಚಾಚಿ ನಿಂತಿದ್ದರು. ಮಂಟಯ್ಯ ಕೊಟ್ಟ. ಅವರು ಕಾರು ಹತ್ತಿ ಚಾಲೂ ಮಾಡಿದರು. ರಾತ್ರಿಯೆಲ್ಲ ನೆಂದ ಕಾರು. ಒಂದೇ ಸಲಕ್ಕೆ ಹಿಡಿಯಿತು; ಅಂಗಳ ದಾಟಿತು, ರಸ್ತೆಗೆ ತಿರುಗಿತು, ಹುಣಸೂರಿನ ಕಡೆ ಹೋಯಿತು. ಮಂಟಯ್ಯ ಹೊಸ್ತಿಲ ಮೇಲೆ ನಿಂತು ಕಿವಿಯಿಟ್ಟು ಕೇಳಿದ. ನಾಲ್ಕಕ್ಕೆ ನಾಲ್ಕೂ ಪ್ಲಗ್ಗು ಕಿಡಿ ಹೊಡೆಯುತ್ತಿದ್ದವು.

"ಬತ್ತೀಯೋ, ಅಲ್ಲೇ ಇರ್ತೀಯೋ?" ಅಂತ ಆಟೋದಿಂದ ಕೂಗಿದಳು ಪುಟ್ಟಸಿದ್ದಮ್ಮ.

"ತಡಿಯೇ, ಇನ್ನೂ ಕೇಳುಸ್ತಾ ಅದೆ."

ಸದ್ದು ಪೂರ್ತಿ ಕರಗಿದ ಮೇಲೆ ಅವನು ಬಾಗಿಲೆಳೆದುಕೊಂಡು ಮಳೆಗೆ ಇಳಿದ.