ಅನ್ಸೆಲ್ಮೊ ಹತ್ತಲಾರದ ಟ್ರಾಮ್

ಟೊರಾಂಟೊದ ಡಂಡಾಸ್ ಬೀದಿಯ ಪಶ್ಚಿಮಕ್ಕೆ, ಪೋರ್ಚುಗೀಸರ ಬೇಕರಿಗಳ ಹಿಂದಿನ ಓಣಿಯಲ್ಲಿ ಅನ್ಸೆಲ್ಮೊ ರಪೋಸೊನ ಮನೆ. ನಲವತ್ತು ವರ್ಷ ಊರವರ ಮನೆಗಳಿಗೆ ಕಾರ್ಪೆಟ್ ಹಾಸಿದವನು. ಅದು ಕೈಯ ಕೆಲಸ ಅಂದುಕೊಂಡವರೇ ಹೆಚ್ಚು. ಅಸಲಿಗೆ ಅದು ಮೊಣಕಾಲಿನ ಕೆಲಸ. ಹಲ್ಲುಗಳಿರುವ ಕಬ್ಬಿಣವೊಂದನ್ನು ಕಾರ್ಪೆಟ್ಟಿಗೆ ಕಚ್ಚಿಸಿ, ಅದರ ಹಿಂಬದಿಗೆ ಮೊಣಕಾಲಿನಿಂದ ಗುದ್ದಿ ಗುದ್ದಿ ಗೋಡೆಯ ತನಕ ಬಿಗಿಯಬೇಕು. ದಿನಕ್ಕೆ ನೂರಾರು ಗುದ್ದು. ಸಂಜೆ ಮನೆಗೆ ಬಂದರೆ ಹೆಂಡತಿ ಲುರ್ದೆಸ್ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಕಾಲಿಗೆ ಕಟ್ಟುತ್ತಿದ್ದಳು.

ಅವನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ. ಇದ್ದ ಹುಚ್ಚು ಒಂದೇ, ಟ್ರಾಮ್. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಊರಿಗೆ ಹೊಸ ಗಾಡಿಗಳು ಬಂದ ಮೊದಲ ವಾರ, ಇಪ್ಪತ್ತನಾಲ್ಕರ ಅನ್ಸೆಲ್ಮೊ ಕೆಲಸಕ್ಕೆ ಚಕ್ಕರ್ ಹೊಡೆದು ಇಡೀ ದಿನ ಅದರಲ್ಲೇ ಕೂತಿದ್ದ. ಪಕ್ಕದಲ್ಲಿ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಇನ್ನೊಬ್ಬನೂ ಇಳಿಯದೆ ಕೂತಿದ್ದ. ಅವನು ಕ್ಲೈವ್ ಥೋರ್ಬರ್ನ್, ಚಪ್ಪಲಿ ಅಂಗಡಿಯ ಗುಮಾಸ್ತ. ಮೂರನೇ ಸುತ್ತಿನಲ್ಲಿ ಕ್ಲೈವ್, "ನಿಂಗೂ ಮನೆ ಇಲ್ವೇನಪ್ಪಾ?" ಅಂದ. ಅಲ್ಲಿಂದ ಶುರುವಾದ ಸ್ನೇಹ.

ತಿಂಗಳಿಗೆರಡು ಶನಿವಾರ ಇಬ್ಬರೂ ಹೊರಡುವರು. ಯಾವ ನಂಬರಿನ ಗಾಡಿ ಯಾವ ದಾರಿಯಲ್ಲಿ ಓಡುತ್ತಿದೆ, ಯಾವುದರ ಗಾಲಿ ತಿರುವಿನಲ್ಲಿ ಕಿರುಚುತ್ತದೆ, ಯಾವುದರ ಕಿಟಕಿ ಕಚ್ಚಿಕೊಂಡಿದೆ, ಎಲ್ಲವನ್ನೂ ಅನ್ಸೆಲ್ಮೊ ನೋಟ್‌ಬುಕ್ಕಿನಲ್ಲಿ ಬರೆಯುವನು. ಕ್ಲೈವ್ ಫೋಟೊ ಹೊಡೆಯುವನು. "ಇಬ್ಬರೂ ಮುದುಕರಾಗ್ತಾ ಇದೀರಾ, ಇನ್ನೂ ಆಟದ ರೈಲು!" ಎಂದು ಲುರ್ದೆಸ್ ಛೇಡಿಸುವಳು. ಛೇಡಿಸುತ್ತಲೇ ಇಬ್ಬರಿಗೂ ಸಾಸೇಜ್ ಇಟ್ಟ ಬನ್ನು ಕಟ್ಟಿಕೊಡುವಳು.

ಆ ಗಾಡಿಗಳಿಗೂ ಮೂವತ್ತು ತುಂಬಿತು. ತೆಗೆದು ಹೊಸದನ್ನು ತರುತ್ತಾರೆಂಬ ಸುದ್ದಿ ಹಬ್ಬಿತು. ಜನರ ಅಭಿಪ್ರಾಯ ಕೇಳಲು ಗ್ರಂಥಾಲಯದಲ್ಲಿ ಸಭೆ ಕರೆದರು. ಅನ್ಸೆಲ್ಮೊ ಹುಟ್ಟಿದ ಮೇಲೆ ಮೊದಲ ಬಾರಿಗೆ ಸಭೆಯಲ್ಲಿ ಎದ್ದು ನಿಂತ.

"ಗಟ್ಟಿಮುಟ್ಟಾಗಿರೋ ಗಾಡಿನ ಯಾಕ್ರೀ ಎಸೀತೀರಾ? ಮೆಟ್ಟಿಲು ಎತ್ತರ ಅಂತೀರಾ. ಯಾರೋ ಒಬ್ಬಿಬ್ಬರಿಗೋಸ್ಕರ ಊರಿನ ಗಾಡಿಗಳನ್ನೆಲ್ಲಾ ಬದಲಾಯಿಸೋದಾ?"

ಗಾಲಿಕುರ್ಚಿಯಲ್ಲಿ ಕೂತಿದ್ದ ನೊರೀನ್ ಬ್ಯಾಪ್ಟಿಸ್ಟ್ ಎಂಬ ಹೆಂಗಸು ಕೈಯೆತ್ತಿದಳು. "ಆ ಒಬ್ಬಿಬ್ಬರಲ್ಲಿ ನಾನೊಬ್ಳು ಸ್ವಾಮಿ. ಮೂವತ್ತು ವರ್ಷದಿಂದ ನಿಮ್ಮ ಗಟ್ಟಿಮುಟ್ಟು ಗಾಡಿ ನಮ್ಮನೆ ಮುಂದೇನೇ ಹೋಗುತ್ತೆ. ಒಳಗಡೆ ಹೇಗಿದೆ ಅಂತ ಸ್ವಲ್ಪ ಹೇಳಿ. ನಾನಂತೂ ನೋಡಿಲ್ಲ."

ಸಭೆ ನಕ್ಕಿತು. ಅನ್ಸೆಲ್ಮೊ ಕೂತುಬಿಟ್ಟ. ಮನೆಗೆ ಬರುವಾಗ, "ಆಯಮ್ಮ ಎಲ್ಲರೆದುರು ನನ್ನ ಮಾನ ತೆಗೆದ್ಲು" ಅಂದ.

"ಅವಳು ಹೇಳಿದ್ರಲ್ಲಿ ತಪ್ಪೇನಿತ್ತು?" ಅಂದ ಕ್ಲೈವ್.

"ತಪ್ಪಿಲ್ಲ. ಅದಕ್ಕೇ ಉರೀತಿರೋದು."

ಹೊಸವು ಬಂದವು. ಐದು ಡಬ್ಬಿಯ ಉದ್ದನೆಯ ಗಾಡಿ, ನೆಲಕ್ಕೆ ಅಂಟಿಕೊಂಡ ಹೊಟ್ಟೆ. ಬೈಯುತ್ತಲೇ ಇಬ್ಬರೂ ಅವುಗಳ ಬೆನ್ನು ಹತ್ತಿದರು. ಹುಚ್ಚಿಗೆ ಹೊಸದು ಹಳೆಯದೆಂಬ ಭೇದವಿಲ್ಲವಲ್ಲ. ಆದರೆ ಹೊಸ ನಂಬರೊಂದು ರಸ್ತೆಗೆ ಬಂದರೆ ಹಳೆಯದೊಂದು ಮರೆಯಾಗುತ್ತಿತ್ತು. ನೋಟ್‌ಬುಕ್ಕಿನ ಎಡಪುಟದಲ್ಲಿ ಬಂದದ್ದನ್ನು ಬರೆದ ಕೈಯೇ ಬಲಪುಟದಲ್ಲಿ ಹೋದದ್ದರ ಮೇಲೆ ಗೆರೆ ಎಳೆಯಬೇಕು. ಒಂದೊಂದು ಶನಿವಾರ ಅವನಿಗೆ ಪೆನ್ನು ತೆಗೆಯುವ ಮನಸ್ಸೇ ಬರುತ್ತಿರಲಿಲ್ಲ. "ಹೇಳು, ನಾನು ಬರೀತೀನಿ" ಎಂದು ಕ್ಲೈವ್ ಪೆನ್ನು ಇಸಕೊಳ್ಳುವನು.

ಈ ನಡುವೆ ಅನ್ಸೆಲ್ಮೊನ ಬಲಮೊಣಕಾಲು ಪೂರ್ತಿ ಸವೆಯಿತು. ಹೊಸ ಕೀಲು ಕೂರಿಸಿದರು, ಸೋಂಕಾಯಿತು. ಅದನ್ನು ತೆಗೆದರು. ಕಡೆಗೆ ಮೂಳೆಗೆ ಮೂಳೆ ಬೆಸೆದುಬಿಟ್ಟರು. ಕಾಲು ಉಳಿಯಿತು, ಮಡಚುವುದು ನಿಂತಿತು. ಮನೆಯೊಳಗೆ ಊರುಗೋಲು, ಹೊರಗೆ ಗಾಲಿಕುರ್ಚಿ. ಶನಿವಾರಗಳಲ್ಲಿ ಕ್ಲೈವ್ ಅವನನ್ನು ತಳ್ಳಿಕೊಂಡು ನಿಲ್ದಾಣಕ್ಕೆ ಹೋಗುವನು. ಹಳೆಯ ಗಾಡಿ ಬಂದು ಬಾಗಿಲು ತೆರೆದರೆ ಕಡಿದಾದ ಮೆಟ್ಟಿಲು, ನಟ್ಟನಡುವೆ ಕಂಬಿ. ಅನ್ಸೆಲ್ಮೊ ಕೂತಲ್ಲಿಂದಲೇ ನಂಬರ್ ಬರೆದುಕೊಳ್ಳುವನು. ನೊರೀನ್ ಬ್ಯಾಪ್ಟಿಸ್ಟಳ ಮಾತು ಆಗೆಲ್ಲ ನೆನಪಾಗುತ್ತಿತ್ತು. ಅದನ್ನು ಕ್ಲೈವ್‌ಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರ್ ಕೊನೆಗೆ ಹಳೆಯ ಗಾಡಿಗಳ ಕಡೆಯ ದಿನ ಬಂತು. ಕ್ವೀನ್ ಬೀದಿಯ ನಿಲ್ದಾಣದಲ್ಲಿ ಜಾತ್ರೆಯಂಥ ಜನ. ಟ್ರಾಮಿನ ಹುಚ್ಚಿನ ಇನ್ನೂ ಮೂವರನ್ನು ಜೊತೆಮಾಡಿಕೊಂಡಿದ್ದ ಕ್ಲೈವ್ ಮುಂಚೆಯೇ ಹೇಳಿಟ್ಟಿದ್ದ: "ನಾವು ನಾಲ್ಕು ಜನ ಇದೀವಿ. ಕುರ್ಚಿ ಕೆಳಗಿರಲಿ, ನಿನ್ನ ಎತ್ಕೊಂಡು ಹತ್ತಿಸ್ತೀವಿ. ಒಂದೇ ಒಂದು ಸುತ್ತು."

"ಬೇಡ ಅನ್ನು" ಎಂದಳು ಲುರ್ದೆಸ್. ಅವನು ಬೇಡವೆನ್ನಲಿಲ್ಲ.

ಗಾಡಿ ಬಂತು. ಇಬ್ಬರು ಕಂಕುಳಿಗೆ ಕೈಕೊಟ್ಟರು, ಕ್ಲೈವ್ ಎಡಗಾಲು ಹಿಡಿದ, ಇನ್ನೊಬ್ಬ ಬಲಗಾಲು. ಮೊದಲ ಮೆಟ್ಟಿಲೇನೋ ಆಯಿತು. ಎರಡನೆಯದರಲ್ಲಿ ಮಡಚದ ಕಾಲು ನಡುವಿನ ಕಂಬಿಗೆ ಅಡ್ಡ ಸಿಕ್ಕಿತು. ಹಿಂದಿನಿಂದ ಯಾರೋ ನೂಕಿದರು. ಅನ್ಸೆಲ್ಮೊ ಹಲ್ಲು ಕಚ್ಚಿದರೂ ನೋವು ಬಾಯಿಂದ ಹೊರಬಿತ್ತು. ಗಾಡಿ ಓಡಿಸುವ ಹೆಂಗಸು ಎದ್ದು ಬಂದಳು.

"ಇಳಿಸ್ರಪ್ಪಾ, ದಮ್ಮಯ್ಯ. ಮೂಳೆ ಮುರಿದ್ರೆ ಏನು ಗತಿ? ನಂಗೂ ಕರುಳು ಚುರುಕ್ ಅನ್ನುತ್ತೆ ಯಜಮಾನ್ರೇ, ಆದ್ರೆ ಆಗಲ್ಲ."

ಇಳಿಸಿದರು. ಅನ್ಸೆಲ್ಮೊ ಕುರ್ಚಿಯಲ್ಲಿ ಕೂತು ಕೋಟು ಸರಿಮಾಡಿಕೊಂಡ. "ನೀನು ಹತ್ತು" ಅಂದ ಕ್ಲೈವ್‌ಗೆ.

"ನಾನೊಬ್ಬನೇ ಹೇಗೋ?"

"ಹತ್ತೋ ಮಾರಾಯ, ಬಾಗಿಲು ಹಾಕ್ತಾಳೆ. ನಾವು ಹಿಂದಿನ ಗಾಡೀಲಿ ಬರ್ತೀವಿ."

ಕ್ಲೈವ್ ಒಮ್ಮೆ ಇವನ ಮುಖ ನೋಡಿದ, ಒಮ್ಮೆ ಬಾಗಿಲು ನೋಡಿದ. ಹತ್ತಿಬಿಟ್ಟ.

ಹಿಂದಿನದು ಹೊಸ ಗಾಡಿ. ಪೀಂ ಪೀಂ ಎನ್ನುತ್ತಾ ಹಲಗೆಯೊಂದನ್ನು ಚಾಚಿತು. ಲುರ್ದೆಸ್ ಒಂದೇ ನೂಕಿಗೆ ಕುರ್ಚಿಯನ್ನು ಒಳಕ್ಕೆ ತಂದಳು. "ನೋಡು, ಎಷ್ಟು ಸಲೀಸು" ಎಂದವಳು ಗಂಡನ ಮುಖ ನೋಡಿ ಕುರ್ಚಿಯ ಬ್ರೇಕು ಹಾಕಲು ಬಗ್ಗಿದಳು. ಆದರೆ ಎರಡು ನಿಲ್ದಾಣ ಕಳೆಯುವುದರಲ್ಲಿ ಅವಳಿಗೆ ಸಿಟ್ಟು ತಡೆಯಲಾಗಲಿಲ್ಲ.

"ಹತ್ತಿಕೊಂಡು ಹೋದನಲ್ಲ ಆ ಕ್ಲೈವ್!"

"ನಾನೇ ಹೋಗು ಅಂದೆ."

"ಹೋಗು ಅಂದ್ರೆ ಹೋಗಿಬಿಡೋದಾ?"

ಅನ್ಸೆಲ್ಮೊ ಕತ್ತು ಚಾಚಿದ. ಮುಂಗಾಜಿನಾಚೆ ಹಳೆಯ ಗಾಡಿಯ ಹಿಂಭಾಗ ಕಾಣುತ್ತಿತ್ತು. ಇವರಿಗೆ ಕೆಂಪು ದೀಪ ಬಿತ್ತು. ಅದು ದಾಟಿಹೋಯಿತು. ಮುಂದೊಂದು ಲಾರಿ ಹಳಿಗೆ ಅಡ್ಡ ನಿಂತಿತ್ತು. ಲಾರಿ ಸರಿಯುವ ಹೊತ್ತಿಗೆ ಹಳೆಯ ಗಾಡಿ ಬೆರಳುದ್ದ ಕಾಣುತ್ತಿತ್ತು. ಆಗ ಒಳಗೆ ದನಿ ಕೇಳಿತು: ಈ ಗಾಡಿ ಮುಂದಕ್ಕೆ ಹೋಗುವುದಿಲ್ಲ, ಇಲ್ಲಿಂದಲೇ ತಿರುಗುತ್ತದೆ, ಎಲ್ಲರೂ ಇಳಿಯಬೇಕು.

ಜನ ಗೊಣಗುತ್ತಾ ಇಳಿದರು. ಹಲಗೆ ಚಾಚಲು ಬಂದ ಚಾಲಕನಿಗೆ ಅನ್ಸೆಲ್ಮೊ, "ನಾವು ಮುಂದಿನ ಗಾಡಿ ಹಿಂದೇನೇ ಹೋಗಬೇಕು ಕಣಪ್ಪಾ" ಅಂದ.

"ನಾನೇನು ಮಾಡ್ಲಿ ಸಾರ್? ಹೊತ್ತು ಮೀರಿದೆ, ತಿರುಗಿಸು ಅಂದಿದಾರೆ. ಹಿಂದೆ ಇನ್ನೊಂದು ಬರುತ್ತೆ."

ಹಿಂದಿನದು ಬಂತು, ಆದರೆ ಕಾಲಿಡಲು ಜಾಗವಿರಲಿಲ್ಲ. ಅದರ ಹಿಂದಿನದೂ ಹಾಗೆಯೇ. ಮುಕ್ಕಾಲು ಗಂಟೆ ಫುಟ್‌ಪಾತಿನ ಮೇಲೆ ಕಳೆಯಿತು. ಲುರ್ದೆಸ್ ತನ್ನ ಶಾಲು ತೆಗೆದು ಅವನ ಕಾಲಿಗೆ ಸುತ್ತಿದಳು. ಅಷ್ಟರಲ್ಲಿ ಎದುರು ಹಳಿಯಲ್ಲಿ ಅದೇ ಹಳೆಯ ಗಾಡಿ ಹಿಂದಿರುಗಿ ಬಂತು. ತುಂಬಾ ಜನ, ಕಿಟಕಿಗಳಿಗೆಲ್ಲ ಉಸಿರಿನ ಮಂಜು. ಒಂದು ಕಿಟಕಿಯಿಂದ ಯಾರದೋ ಕೈ ಬೀಸುತ್ತಿತ್ತು. ಕ್ಲೈವನದೋ ಅಲ್ಲವೋ, ಹೇಳುವಂತಿರಲಿಲ್ಲ. ಅನ್ಸೆಲ್ಮೊ ತಾನೂ ಕೈ ಎತ್ತುವಷ್ಟರಲ್ಲಿ ಗಾಡಿ ಹೋಗಿಯಾಗಿತ್ತು.

ಸಂಜೆ ಕ್ಲೈವ್ ಮನೆಗೆ ಬಂದ. ಲುರ್ದೆಸ್ ಸೊಪ್ಪಿನ ಸೂಪು ತಂದು ಇಬ್ಬರ ಮುಂದೆಯೂ ಕುಕ್ಕಿ ಒಳಗೆ ಹೋದಳು.

"ಹತ್ತಬಾರದಿತ್ತು ಕಣೋ" ಅಂದ ಕ್ಲೈವ್.

"ಬಿಡು. ಸೀಟು ಸಿಕ್ತಾ?"

"ಇಲ್ಲ. ನಡುಬಾಗಿಲ ಹತ್ರ ನಿಂತಿದ್ದೆ."

"ತಿರುವಿನಲ್ಲಿ ಕಿರುಚ್ತಾ?"

"ಕಿರುಚ್ತು."

ಅನ್ಸೆಲ್ಮೊ ತಲೆಯಾಡಿಸಿದ. ಕ್ಲೈವ್ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

ಆಮೇಲೆ ಶನಿವಾರಗಳು ತಪ್ಪಿದವು. ಮೊದಲು ಚಳಿಯ ನೆಪ, ಆಮೇಲೆ ರೋಗದ ಕಾಲ ಬಂದು ಊರಿಗೆ ಊರೇ ಬಾಗಿಲು ಹಾಕಿತು. ಹಳೆಯ ಗಾಡಿಗಳು ಒಂದೊಂದಾಗಿ ಗುಜರಿಗೆ ಹೋದವೆಂದು ಕ್ಲೈವ್ ಫೋನಿನಲ್ಲಿ ತಿಳಿಸುತ್ತಿದ್ದ. ಅನ್ಸೆಲ್ಮೊ ಹ್ಞೂಂ ಅನ್ನುವನು. ಆಸ್ಪತ್ರೆಗೆ ಹೋಗುವ ದಿನ ಹೊಸ ಗಾಡಿ ಅವನೆದುರು ಹಲಗೆ ಚಾಚುವುದು, ಅವನು ಹತ್ತುವನು, ಕೂತಲ್ಲೇ ಕಣ್ಣು ಮುಚ್ಚುವನು.

ಮುಂದಿನ ವರ್ಷದ ಬೇಸಿಗೆಯಲ್ಲಿ ಕ್ಲೈವ್ ಫೋನು ಮಾಡಿದ. ದನಿಯಲ್ಲಿ ಹಳೆಯ ಉತ್ಸಾಹವಿತ್ತು.

"ಒಂದೆರಡು ಉಳಿಸಿದಾರೆ ಕಣೋ! ಊರಾಚೆ ರೈಲು ಮ್ಯೂಸಿಯಮ್ಮಲ್ಲಿ ಇಟ್ಟಿದಾರೆ, ಭಾನುವಾರ ಓಡಿಸ್ತಾರಂತೆ. ಕಾರು ತರ್ತೀನಿ, ಬಂದುಬಿಡು."

ಅನ್ಸೆಲ್ಮೊ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಮೆಟ್ಟಿಲು ಹಾಗೇ ಇದೆಯಾ?"

"ಇದೆ" ಅಂದ ಕ್ಲೈವ್.

"ನೀನು ಹೋಗಿ ಬಾ" ಎಂದ ಅನ್ಸೆಲ್ಮೊ. ಆಮೇಲೆ ಇಬ್ಬರೂ ಕ್ಲೈವನ ಹಿತ್ತಲಿನ ಟೊಮೆಟೊ ಗಿಡಗಳಿಗೆ ಬಿದ್ದ ಹುಳದ ವಿಷಯ ಮಾತಾಡಿದರು.