ಕಡವೆ ಕೊಂಬಿನ ಹಿಡಿ

ಇವತ್ತು ಬೆಳಿಗ್ಗೆ ಚಟ್ನಿಗೆಂದು ಕಾಯಿ ಬಿಡಿಸಲು ಹೋಗಿ ಚಾಕು ಜಾರಿ ಬೆರಳು ಕೊಯ್ದುಕೊಂಡೆ. ದೊಡ್ಡ ಗಾಯವೇನಲ್ಲ. ನಲ್ಲಿಯ ಕೆಳಗೆ ಹಿಡಿದು ಒಂದು ಚಿಟಿಕೆ ಅರಿಸಿನ ಒತ್ತಿದರೆ ಮುಗಿಯಿತು. ಆದರೂ ಕೋಪ ಬಂತು. ಬಂದದ್ದು ಚಾಕುವಿನ ಹಿಡಿಯ ಮೇಲೆ. ಹುಣಸೂರಿನ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಸೌಟು, ಜರಡಿಗಳ ಜೊತೆ ನೇತುಹಾಕಿದ್ದ ಹಸಿರು ಪ್ಲಾಸ್ಟಿಕ್ ಹಿಡಿ ಅದು. ಕೈ ಒದ್ದೆಯಾದರೆ ಮೀನಿನ ಹಾಗೆ ನುಣುಚಿಕೊಳ್ಳುತ್ತದೆ. ಬೈಯೋಣವೆಂದರೆ ಮನೆಯಲ್ಲಿ ಕೇಳಿಸಿಕೊಳ್ಳಲು ಯಾರೂ ಇಲ್ಲ. ಒಬ್ಬನೇ ಇರುವವನು ಜೋರಾಗಿ ಬೈದರೆ ಅಕ್ಕಪಕ್ಕದವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ಹಿಡಿಗಳ ವಿಷಯದಲ್ಲಿ ಮಾತಾಡಲು ನನಗೆ ಒಂದಿಷ್ಟು ಹಕ್ಕಿದೆಯೆಂದೇ ನನ್ನ ನಂಬಿಕೆ. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಏನನ್ನಾದರೂ ಹಿಡಿದುಕೊಂಡು ಬೀಳದೆ ನಿಲ್ಲುವುದೇ ನಮ್ಮ ಕಸುಬು. ಚಳಿಗಾಲದ ಮೊದಲ ಟ್ರಿಪ್ಪಿನಲ್ಲಿ ಬಸ್ಸಿನ ಕಂಬಿ ಮುಟ್ಟಿದರೆ ಅಂಗೈಗೆ ಮಂಜುಗಡ್ಡೆ ಇಟ್ಟ ಹಾಗೆ. ಮಧ್ಯಾಹ್ನ ಅದೇ ಕಂಬಿ ಒಲೆಯಿಂದ ತೆಗೆದ ಹಾಗೆ. ಕಬ್ಬಿಣಕ್ಕೆ ಸ್ವಂತ ಮನಸ್ಸಿಲ್ಲ, ಹವಾ ಹೇಗೋ ಅದೂ ಹಾಗೆ. ಮರ ಪರವಾಗಿಲ್ಲ, ಆದರೆ ನೀರು ಕುಡಿದು ಸೀಳುತ್ತದೆ. ನನ್ನ ಕೈ ಇಷ್ಟು ವರ್ಷಗಳಲ್ಲಿ ಮುಟ್ಟಿದ ಹಿಡಿಗಳಲ್ಲೆಲ್ಲ ಒಂದೇ ಒಂದನ್ನು ಮೆಚ್ಚಿದ್ದು. ಅದು ಕಡವೆ ಕೊಂಬಿನ ಹಿಡಿ. ಅಂಥ ಹಿಡಿಯಿದ್ದ ಹಳೆಯ ಚೂರಿಯೊಂದು ನಮ್ಮ ಮನೆಯಲ್ಲಿತ್ತು. ನನ್ನ ಹೆಂಡತಿ ದೇವೀರಮ್ಮನದು.

ಮೊದಲು ನೋಡಿದ್ದು ಚೂರಿಯನ್ನೋ ದೇವೀರಿಯನ್ನೋ ಎಂದು ಕೇಳಿದರೆ ಈಗಲೂ ಖಚಿತವಾಗಿ ಹೇಳಲಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಅಂತರಸಂತೆಯ ನೈಟ್ ಹಾಲ್ಟ್ ಹಾಕಿದ್ದರು. ಸಂಜೆ ಕಾಡಂಚಿನ ಆ ಊರಿಗೆ ಹೋಗಿ ಬಸ್ಸು ನಿಂತರೆ ನಾನೂ ಡ್ರೈವರೂ ಅದರಲ್ಲೇ ಮಲಗಿ, ಮರುದಿನ ಮುಂಜಾನೆ ಮೊದಲ ಟ್ರಿಪ್ ತರಬೇಕು. ಬಸ್ಸು ನಿಲ್ಲುವ ಜಾಗದ ಎದುರಿನ ಮನೆಯ ಯಜಮಾನರು ಒಂದು ಸಂಜೆ ನಮ್ಮನ್ನು ಊಟಕ್ಕೆ ಕರೆದರು. ಜಗುಲಿಯ ಮೇಲೆ ಒಬ್ಬ ಹುಡುಗಿ ಕುಳಿತು ಹಲಸಿನ ಹಣ್ಣು ಕೊಯ್ಯುತ್ತಿದ್ದಳು. ಮೊಣಕೈವರೆಗೂ ಎಣ್ಣೆ, ಆ ಎಣ್ಣೆಯ ಕೈಯಲ್ಲೂ ಚೂರಿ ಕದಲುತ್ತಿರಲಿಲ್ಲ. ಹಿಡಿ ಮತ್ತಿಮರದ ತೊಗಟೆಯ ಹಾಗೆ ಏಣು ಏಣಾಗಿ, ಕಂದು ಬಣ್ಣದಲ್ಲಿತ್ತು. ನಾನು ನೋಡುತ್ತ ನಿಂತುಬಿಟ್ಟೆ.

"ಅದ್ಯಾಕಪ್ಪ ಅಂಗೆ ನೋಡ್ತಿದ್ದೀಯ? ಚೂರೀನೇ ನೋಡಿಲ್ವಾ?" ಎಂದರು ಯಜಮಾನರು.

"ಹಿಡಿ ನೋಡ್ತಿದ್ದೆ" ಎಂದೆ. ಹುಡುಗಿ ತಲೆ ತಗ್ಗಿಸಿ ನಕ್ಕಳು. ನನ್ನ ಮಾತನ್ನು ಅವಳು ನಂಬಲಿಲ್ಲವೆಂದು ಮದುವೆಯಾದ ಮೇಲೆ ತಿಳಿಯಿತು.

ಆ ಯಜಮಾನರೇ ಮುಂದೆ ನನ್ನ ಮಾವನಾದರು. ಚೂರಿ ಅವರ ಅಪ್ಪನ ಕಾಲದ್ದು. ಆ ಹಿರಿಯರು ಬೇಟೆಗೆ ಬರುತ್ತಿದ್ದ ಬಿಳಿ ದೊರೆಗಳ ಕ್ಯಾಂಪಿಗೆ ಗಾಡಿ ಹೊಡೆಯುತ್ತಿದ್ದರಂತೆ. ಒಬ್ಬ ದೊರೆ ಸೀಮೆಗೆ ವಾಪಸ್ಸು ಹೋಗುವಾಗ ಪ್ರೀತಿಯಿಂದ ಕೊಟ್ಟ ಎನ್ನುವುದು ಒಂದು ಕಥೆ. ಡೇರೆ ಕಿತ್ತ ಜಾಗದಲ್ಲಿ ಹುಲ್ಲಿನ ನಡುವೆ ಸಿಕ್ಕಿತು ಎನ್ನುವುದು ಇನ್ನೊಂದು. ಮಾವ ಮನಸ್ಸು ಹಗುರವಾಗಿದ್ದಾಗ ಮೂರನೆಯದನ್ನು ಹೇಳುತ್ತಿದ್ದರು. ಅದರಲ್ಲಿ ಒಬ್ಬ ಅಡುಗೆಭಟ್ಟ ಬರುತ್ತಿದ್ದ, ಒಂದು ಕೋಳಿಯೂ ಬರುತ್ತಿತ್ತು, ಕಥೆ ಪ್ರತಿಸಲವೂ ಬೆಳೆಯುತ್ತಿತ್ತು. ಅಲಗಿನ ಬುಡದಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು. ಉಜ್ಜಿ ಉಜ್ಜಿ ಸವೆದು, ಓದಲು ಬರುವ ಹಾಗಿರಲಿಲ್ಲ. ಅಲಗು ಯಾವ ದೇಶದ್ದೋ ಏನೋ, ಹಿಡಿ ಮಾತ್ರ ನಮ್ಮ ಕಾಡಿನದೇ ಎಂದು ಮಾವ ಸಾಧಿಸುತ್ತಿದ್ದರು. "ಇದು ಹೊಡೆದು ತಂದಿದ್ದಲ್ಲ ಕಣಪ್ಪ. ಕಡವೆ ತಾನಾಗೇ ಉದುರಿಸಿದ್ದು. ವರ್ಷಾ ವರ್ಷಾ ಉದುರಿಸ್ತದೆ, ಮತ್ತೆ ಬೆಳೆಸ್ಕತದೆ" ಎನ್ನುತ್ತಿದ್ದರು. ಅದು ಅವರಿಗೆ ಹೇಗೆ ಗೊತ್ತೆಂದು ನಾನು ಕೇಳಲಿಲ್ಲ. ಹೆಣ್ಣು ಕೊಡುವವರನ್ನು ಅಷ್ಟೆಲ್ಲ ಕೇಳಬಾರದು.

ಕೊಂಬಿನ ಹಿಡಿಯನ್ನು ಕೈಯಲ್ಲಿ ಹಿಡಿಯದವರಿಗೆ ಅದರ ರುಚಿ ಹೇಳುವುದು ಕಷ್ಟ. ಒಂದರ ಹಾಗೆ ಇನ್ನೊಂದಿರುವುದಿಲ್ಲ. ನಮ್ಮದು ಸ್ವಲ್ಪ ಬಾಗಿತ್ತು, ಮುಷ್ಟಿಯೊಳಗೆ ತಾನೇ ಜಾಗ ಹುಡುಕಿಕೊಂಡು ಕೂರುತ್ತಿತ್ತು. ಏಣುಗಳ ನಡುವಿನ ಗೆರೆಗಳಲ್ಲಿ ಕಪ್ಪು, ಏಣಿನ ನೆತ್ತಿಯಲ್ಲಿ ಬೆಣ್ಣೆಯ ಬಣ್ಣ. ಹೆಬ್ಬೆರಳು ಕೂರುವ ಕಡೆ ತಲೆಮಾರುಗಳ ಹೆಬ್ಬೆರಳು ಉಜ್ಜಿ ಒಂದು ಸಣ್ಣ ಗುಳಿ ಬಿದ್ದಿತ್ತು. ದೇವೀರಿಯ ಬೆರಳು ಅದರಲ್ಲಿ ಸರಿಯಾಗಿ ಕೂರುತ್ತಿತ್ತು. ನನ್ನದು ದಪ್ಪ, ಹೊರಗೇ ಉಳಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಎಂದೂ ತಣ್ಣಗಿರುತ್ತಿರಲಿಲ್ಲ. ಡಿಸೆಂಬರಿನ ಬೆಳಗಿನಲ್ಲೂ ಒಂದು ಗಳಿಗೆ ಹಿಡಿದರೆ ಬೆಚ್ಚಗಾಗುತ್ತಿತ್ತು.

ಮದುವೆಯಾದ ಮೇಲೆ ಹುಣಸೂರಿನಲ್ಲಿ ಬಾಡಿಗೆ ಮನೆ ಮಾಡಿದೆವು, ಚೂರಿಯೂ ಅವಳ ಜೊತೆ ಬಂತು. ತಂಬಾಕಿನ ಕಾಲದಲ್ಲಿ ಊರಿಗೂರೇ ಒಣ ಹೊಗೆಸೊಪ್ಪಿನ ವಾಸನೆ ಹೊಡೆಯುವಾಗ ಅವಳಿಗೆ ತಲೆ ಸುತ್ತುತ್ತಿತ್ತು. ಸ್ವಲ್ಪ ದಿನಕ್ಕೆ ಒಗ್ಗಿತು. ನನಗೆ ಕೆಲಸದುದ್ದಕ್ಕೂ ನೈಟ್ ಹಾಲ್ಟುಗಳೇ. ಇವತ್ತು ಪಿರಿಯಾಪಟ್ಟಣದ ಕಡೆಯ ಹಳ್ಳಿ, ನಾಳೆ ಕೆ.ಆರ್. ನಗರದ ಕಡೆಯದು. ಮನೆಯಲ್ಲಿ ಮಲಗಿದ ರಾತ್ರಿಗಳಿಗಿಂತ ಬಸ್ಸಿನ ಸೀಟಿನ ಮೇಲೆ ಮಲಗಿದ ರಾತ್ರಿಗಳೇ ಹೆಚ್ಚು. ನಮಗೆ ಮಕ್ಕಳಾಗಲಿಲ್ಲ. ನಾನಿಲ್ಲದಾಗ ಅವಳು ಆ ಚೂರಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆಂದು ಒಮ್ಮೆ ಹಾಸಿಗೆ ಕೊಡವುವಾಗ ಗೊತ್ತಾಯಿತು.

"ಇದ್ಯಾಕೆ? ಕಳ್ಳ ಬಂದ್ರೆ ಈರುಳ್ಳಿ ಹೆಚ್ಚಿಕೊಡೋಕಾ?" ಎಂದೆ.

"ಹೂಂ, ನೀವು ಬರೋಗಂಟ ಅವನಿಗೇ ಅಡುಗೆ ಮಾಡಿ ಹಾಕ್ತೀನಿ" ಎಂದಳು. ಇಬ್ಬರೂ ನಕ್ಕೆವು. ಆ ಮಾತು ಅಲ್ಲಿಗೆ ಮುಗಿಯಿತು.

ನಿವೃತ್ತಿಯಾದ ದಿನ ಹಾರ, ಶಾಲು ಹಿಡಿದುಕೊಂಡು ಬಂದವನು, ಇನ್ನು ದಿನಾ ಮನೆಯಲ್ಲೇ ಮಲಗುತ್ತೇನೆಂದು ಅವಳಿಗೆ ದೊಡ್ಡದಾಗಿ ಹೇಳಿದೆ. "ಅಂಗಾದ್ರೆ ನನಗೆ ನಿದ್ದೆ ಇಲ್ಲ ಬುಡಿ, ನಿಮ್ಮ ಗೊರಕೆ ಯಾರು ಕೇಳೋರು" ಎಂದಳು. ಅವತ್ತಿನಿಂದ ಚೂರಿ ಅಡುಗೆಮನೆಯ ಗೂಡಿನಿಂದ ಈಚೆ ಬರಲಿಲ್ಲ. ಮರುವರ್ಷ ಸಣ್ಣ ಜ್ವರವೆಂದು ಮಲಗಿದವಳು ಏಳಲಿಲ್ಲ. ಅದನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನಗೆ ಬರುವುದಿಲ್ಲ.

ಅಂತರಸಂತೆಯಲ್ಲಿ ಅವಳ ತಂಗಿ ಚಿಕ್ಕತಾಯಿ ಇದ್ದಳು. ಅದೇ ಊರಿಗೆ ಕೊಟ್ಟಿದ್ದರು. ತಿಥಿಯ ಮಾರನೆಯ ದಿನ ಹೊರಡುವಾಗ "ಬರ್ತಾ ಇರಿ ಭಾವ" ಎಂದಿದ್ದಳು. ನಾನು ಹೋಗಲಿಲ್ಲ. ದೇವೀರಿಯೇ ಇಲ್ಲವೆಂದ ಮೇಲೆ ನಾನು ಆ ಮನೆಗೆ ಏನಾಗಬೇಕೆಂದು ನನಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ಹೋಗಿ ನಿಂತರೆ ಅವರಿಗೂ ಕಷ್ಟ, ನನಗೂ ಕಷ್ಟ ಎಂದುಕೊಂಡು ಕಾಲ ಕಳೆದೆ. ದಿನಕ್ಕೆ ನೂರಾರು ಜನರ ನಡುವೆ ನುಗ್ಗಿ "ಮುಂದೆ ಹೋಗ್ರಿ, ಮುಂದೆ ಹೋಗ್ರಿ" ಎಂದು ಕೂಗುತ್ತಿದ್ದ ಗಂಟಲು ಎಷ್ಟೋ ದಿನ ಹಾಲಿನವನ ಹತ್ತಿರ ಬಿಟ್ಟರೆ ಇನ್ನಾರ ಹತ್ತಿರವೂ ತೆರೆಯುತ್ತಿರಲಿಲ್ಲ. ನಾನೇ ಅಡುಗೆ ಕಲಿತೆ. ತರಕಾರಿ ಹೆಚ್ಚಲು ಕುಳಿತಾಗ ಆ ಹಿಡಿ ಕೈಯಲ್ಲಿರುತ್ತಿತ್ತು. ಅದೊಂದು ಸಮಾಧಾನ.

ಹೀಗಿರುವಾಗ ಟೀವಿಯಲ್ಲಿ ಸುದ್ದಿ ಬರತೊಡಗಿತು. ಮನೆಯಲ್ಲಿ ಕಾಡುಪ್ರಾಣಿಗಳ ಉಗುರು, ಚರ್ಮ, ಕೊಂಬು ಇಟ್ಟುಕೊಂಡವರ ಮೇಲೆ ಕೇಸು ಹಾಕುತ್ತಿದ್ದಾರೆಂದು. ಎದುರುಮನೆಯ ಬಸಪ್ಪ ಓಡಿ ಬಂದ.

"ಅಣ್ಣ, ನಿಮ್ಮನೇಲಿ ಕೊಂಬಿನ ಚೂರಿ ಅದಲ್ಲ, ಮೊದಲು ಅದನ್ನ ಒಳಗಿಕ್ಕಿ."

"ಉದುರಿದ ಕೊಂಬು ಕಣೋ ಅದು. ಯಾರೂ ಕೊಂದಿಲ್ಲ."

"ಉದುರಿದ್ದೋ ಕೊಂದಿದ್ದೋ, ಅವ್ರಿಗೆ ಕಡವೆ ಬಂದು ಸಾಕ್ಷಿ ಹೇಳ್ತದಾ? ಸುಮ್ನೆ ಲಕ್ಷ್ಮಣತೀರ್ಥಕ್ಕೆ ಎಸೆದು ಬನ್ನಿ. ಇಲ್ಲಾಂದ್ರೆ ಇತ್ಲಲ್ಲಿ ಹೂತಾಕಿ."

ನದಿಯವರೆಗೆ ಹೋದೆ, ನಿಮಗೆ ಸುಳ್ಳೇಕೆ ಹೇಳಲಿ. ಸೇತುವೆಯ ಮೇಲೆ ಪಂಚೆಯೊಳಗೆ ಚೂರಿ ಮುಚ್ಚಿಕೊಂಡು ನಿಂತ ಮುದುಕನನ್ನು ಕಂಡವರು ಏನೆಂದುಕೊಂಡರೋ. ಎಸೆಯಲು ಕೈ ಬರಲಿಲ್ಲ. ಹೂತಿಡಲೂ ಮನಸ್ಸು ಬರಲಿಲ್ಲ, ಅವಳನ್ನು ಹೂತದ್ದೇ ಸಾಕಾಗಿತ್ತು. ಬಚ್ಚಿಟ್ಟುಕೊಂಡು ಬದುಕುವ ಧೈರ್ಯವಂತೂ ನನಗೆ ಮೊದಲಿನಿಂದಲೂ ಇಲ್ಲ. ಲೆಕ್ಕ ಸರಿಯಿದ್ದಾಗಲೂ ದೂರದಲ್ಲಿ ಚೆಕಿಂಗ್ ಜೀಪು ಕಂಡರೆ ಬೆವರುತ್ತಿದ್ದವನು ನಾನು. ಕೊನೆಗೆ, ತಾವಾಗಿ ತಂದೊಪ್ಪಿಸಿದವರ ಮೇಲೆ ಕೇಸಿಲ್ಲವೆಂದು ಟೀವಿಯಲ್ಲಿ ಹೇಳಿದ ಮೇಲೆ, ಒಂದು ದಿನ ಚೂರಿಯನ್ನು ದೇವೀರಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕೋಟೆಯ ಬಸ್ಸು ಹತ್ತಿದೆ. ನಮ್ಮ ಕಡೆ ಹೆಗ್ಗಡದೇವನಕೋಟೆಯನ್ನು ಬರೀ ಕೋಟೆ ಎನ್ನುತ್ತೇವೆ. ಹುಣಸೂರಿನಲ್ಲೂ ಅರಣ್ಯ ಇಲಾಖೆಯ ಆಫೀಸಿದೆ. ಆದರೆ ಅದು ಬಂದ ಕಾಡಿನ ಹತ್ತಿರದವರಿಗೇ ಕೊಡೋಣ ಎನ್ನಿಸಿತು.

ಆಫೀಸಿನಲ್ಲಿದ್ದ ಅಧಿಕಾರಿ ಹೆಂಗಸು ಒಳ್ಳೆಯವರು. ಕುರ್ಚಿ ಕೊಟ್ಟರು. ಚೂರಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅವರ ಬೆರಳು ತಾನಾಗಿ ಆ ಗುಳಿಗೆ ಹೋಗಿ ಕೂತಿತು.

"ಸರ್, ನಮಗೆ ಬೇಕಾಗಿರೋದು ಹಿಡಿ ಮಾತ್ರ. ಅಲಗು ಬಿಡಿಸಿಕೊಂಡು ನೀವು ತಗೊಂಡು ಹೋಗಬಹುದು" ಎಂದರು.

"ಹೇಗೆ ಬಿಡಿಸ್ತೀರಿ?"

"ಒಳಗೆ ಅರಗು ಹಾಕಿ ಕೂರಿಸಿರ್ತಾರೆ. ಕಾಯಿಸಬೇಕು. ಬರಲಿಲ್ಲ ಅಂದ್ರೆ ಒಡೀಬೇಕಾಗ್ತದೆ."

"ಬೇಡ ಮೇಡಂ, ಒಟ್ಟಿಗೇ ಇಟ್ಕೊಳಿ" ಎಂದೆ. ನಾವು ಚೂರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೆಳಗಿಡುತ್ತೇವೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಅವರು ಅದನ್ನು ಮೇಜಿನ ಮೇಲಿಟ್ಟರು. ಈ ಸಲ ನಾನು ಎತ್ತಿಕೊಳ್ಳಲಿಲ್ಲ. ಸಹಿ ಹಾಕಿ, ಸೀರೆಯ ತುಂಡನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಹುಣಸೂರಿನ ಬಸ್ಸು ನಿಂತಿತ್ತು. ಹತ್ತಲು ಹೋದವನಿಗೆ ಬೀಗ ಹಾಕಿ ಬಂದ ಮನೆ, ಬರಿದಾದ ಗೂಡು ಕಣ್ಣಿಗೆ ಕಟ್ಟಿತು. ಪಕ್ಕದಲ್ಲಿ ಅಂತರಸಂತೆಯ ಬಸ್ಸು ಹೊರಡುವ ಸದ್ದು ಮಾಡುತ್ತಿತ್ತು. ಅದನ್ನೇ ಹತ್ತಿದೆ.

ಚಿಕ್ಕತಾಯಿ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಕೂದಲು ಬೆಳ್ಳಗಾಗಿತ್ತು, ಮುಖ ಅಕ್ಕನದೇ. ನನ್ನನ್ನು ಕಂಡು ಎದ್ದು ನಿಂತವಳು ಯಾಕೆ ಇಷ್ಟು ದಿನ ಬರಲಿಲ್ಲವೆಂದು ಕೇಳಲಿಲ್ಲ. "ಬನ್ನಿ ಭಾವ, ಕೈಕಾಲು ತೊಳ್ಕಳಿ, ಮುದ್ದೆ ಈಗಷ್ಟೇ ಇಳಿಸಿದ್ದೀನಿ" ಎಂದಳು. ಊಟಕ್ಕೆ ಕೂತಾಗ ತಾನಾಗಿಯೇ ಕೇಳಿದಳು.

"ಅಪ್ಪನ ಚೂರಿ ಚೆಂದಾಗದಾ ಭಾವ?"

"ಈಗ ಕೋಟೇಲಿ ಕೊಟ್ಟು ಬಂದೆ ಕಣವ್ವ. ಇಟ್ಕೊಳಂಗಿಲ್ವಂತೆ."

ಅವಳು ಸಾರಿನ ಸೌಟನ್ನು ಪಾತ್ರೆಯೊಳಗಿಟ್ಟಳು. "ಬುಡಿ, ಕಾಡಿಂದ ಬಂದಿದ್ದು, ಕಾಡೋರ ತಾವ್ಕೇ ಹೋಯ್ತು" ಎಂದಳು. ಆಮೇಲೆ, "ಅಕ್ಕ ಅದನ್ನ ದಿಂಬಿನ ಕೆಳಗೆ ಮಡಿಕಂಡು ಮನೀಕತಿದ್ಲು, ಗೊತ್ತಾ ನಿಮಗೆ?"

"ಗೊತ್ತು. ಕಳ್ಳರ ಭಯಕ್ಕೆ."

"ಅವಳಿಗೆಲ್ಲಿ ಕಳ್ಳರ ಭಯ!" ಚಿಕ್ಕತಾಯಿ ನಕ್ಕಳು. "ನಾನೂ ಒಂದ್ಸಲ ಅಂಗೇ ಕೇಳಿದ್ದೆ. 'ಇಲ್ಲ ಕಣೇ, ಒಬ್ಳೇ ಮನಗಿದ್ದಾಗ ದಿಂಬಿನ ಕೆಳಗೆ ಕೈ ಹಾಕಿ ಆ ಹಿಡಿ ಇಡ್ಕತೀನಿ, ಒಂಚೂರು ಹೊತ್ತಿಗೆ ಬೆಚ್ಚಗಾಯ್ತದೆ, ಯಾರೋ ಕೈ ಇಡ್ಕಂಡಂಗೆ ಆಯ್ತದೆ, ನಿದ್ದೆ ಬತ್ತದೆ' ಅಂದ್ಲು. ನಿಮಗೇಳಿರ್ಲಿಲ್ವಾ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಾನು ಮುರಿದ ತುತ್ತನ್ನು ಸಾರಿನಲ್ಲಿ ಅದ್ದುತ್ತಲೇ ಕೂತೆ. ಅವಳು ನನ್ನ ಮುಖ ನೋಡದೆ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು, ಎದ್ದು ಹೋಗಿ ನೀರು ತಂದಿಟ್ಟಳು. ಎಷ್ಟೋ ಊರುಗಳ ಬಸ್ಸಿನ ಸೀಟಿನಲ್ಲಿ ನಾನು ಮುದುಡಿ ಮಲಗಿದ್ದ ರಾತ್ರಿಗಳಲ್ಲಿ ಹುಣಸೂರಿನ ಆ ಮನೆಯಲ್ಲಿ ಒಂದು ಕೈ ದಿಂಬಿನ ಕೆಳಗೆ ಬೆಚ್ಚಗಾಗಲು ಕಾಯುತ್ತಿತ್ತು. ಈಗ ನಾನಿರುವ ಒಂಟಿತನ ನನಗೇ ಮೊದಲು ಬಂದದ್ದು ಎಂದುಕೊಂಡಿದ್ದೆ. ಅವಳು ಅದರಲ್ಲಿ ಬಹಳ ವರ್ಷ ಇದ್ದು, ಮನೆಯ ಹಾಗೆ ಗುಡಿಸಿ ಸಾರಿಸಿ, ನನಗೆ ಬಿಟ್ಟುಹೋಗಿದ್ದಳು.

ಅವತ್ತು ಚಿಕ್ಕತಾಯಿ ನನ್ನನ್ನು ಕಳಿಸಲಿಲ್ಲ. ಮರುದಿನ ಹೊರಡುವಾಗ ಚೀಲದ ತುಂಬ ಅವರೆಕಾಯಿ ಕೊಟ್ಟು, "ಸುಮ್ನೆ ಬಾಯಿಮಾತಿಗೆ ಹೇಳ್ತಿಲ್ಲ ಭಾವ, ಬನ್ನಿ" ಎಂದಳು.

ಈಗ ಅದೆಲ್ಲ ಆಗಿ ಒಂದು ಮಳೆಗಾಲ ಕಳೆದಿದೆ. ಒಬ್ಬನೇ ಇರುವುದೇನೂ ಕಮ್ಮಿಯಾಗಿಲ್ಲ. ಸಂಜೆಗಳು ಈಗಲೂ ಉದ್ದವೇ. ಆದರೆ ಆಗಾಗ ಅಂತರಸಂತೆಗೆ ಹೋಗಿಬರುತ್ತೇನೆ, ಎಲ್ಲರ ಹಾಗೆ ಟಿಕೆಟ್ ತೆಗೆದುಕೊಂಡು, ಕಿಟಕಿಯ ಪಕ್ಕ ಕೂತು. ಇವತ್ತು ಮಧ್ಯಾಹ್ನವೂ ಹೊರಟೆ. ಕೋಟೆಯಲ್ಲಿ ಬಸ್ಸು ಬದಲಾಯಿಸಿದಾಗ ಪಕ್ಕದಲ್ಲಿ ಒಬ್ಬ ಅಜ್ಜಿ ಬಂದು ಕುಳಿತರು. ನನ್ನ ಅರಿಸಿನ ಮೆತ್ತಿದ ಬೆರಳನ್ನೂ ಮಡಿಲಲ್ಲಿದ್ದ ಹಣ್ಣಿನ ಚೀಲವನ್ನೂ ನೋಡಿ ಮಾತು ತೆಗೆದರು.

"ಎಲ್ಲಿಗಪ್ಪ?"

"ಅಂತರಸಂತೆಗೆ."

"ಅಲ್ಲಿ ಯಾರವ್ರೆ?"

ಕೆಲಸದಲ್ಲಿದ್ದಷ್ಟು ವರ್ಷವೂ ಜನರನ್ನು ಎಲ್ಲಿಗೆ ಎಂದಷ್ಟೇ ಕೇಳಿದವನು ನಾನು. ಅದರ ಮುಂದಿನ ಪ್ರಶ್ನೆಯೊಂದಿದೆಯೆಂದು ಎಂದೂ ಹೊಳೆದಿರಲಿಲ್ಲ. ಅಜ್ಜಿ ಉತ್ತರಕ್ಕೆ ಕಾಯುತ್ತಿದ್ದರು. ಬಸ್ಸು ಊರು ದಾಟಿ ಕಾಡಿನ ಕಡೆಗೆ ತಿರುಗಿತು.

"ನಮ್ಮೋರು ಅವ್ರೆ ಕಣಜ್ಜಿ" ಎಂದೆ.